ಅಕಸ್ಮಾತ್ತಾಗಿ ಹಾಸಿದ ಎರಡು ಚಾಪೆಗಳು

ನಮ್ಮ ಸೀಮೆಗೆ ವಸಂತವು ಕದ್ದು ಬರುತ್ತದೆ, ಸಹೃದಯ ಓದುಗರೇ! ಬಿಳಿಜೋಳದ ರಾಶಿ ಮುಗಿದು, ಕಪ್ಪು ಎರೆಯ ಹೊಲಗಳಲ್ಲಿ ಕೂಳೆಯಷ್ಟೇ ಉಳಿದು, ಹತ್ತು ಗಂಟೆಯ ಬಿಸಿಲು ಆಗಲೇ ಹಣೆಯನ್ನು ಚುರುಗುಟ್ಟಿಸುವ ಆ ಫಾಲ್ಗುಣದ ಕೊನೆಯ ದಿನಗಳಲ್ಲಿ, ಯಾವುದೋ ಬದುವಿನ ಬೇವಿನ ಮರವೊಂದು ಯಾರಿಗೂ ಹೇಳದೆ ಕೇಳದೆ ಹೂಬಿಟ್ಟು, ಅದರ ನಸುಗಹಿಯ ಪರಿಮಳ ಹಾದಿಹೋಕನ ಮೂಗಿಗೆ ತಾಗಿದಾಗಲೇ ನಾವು ಬೆಚ್ಚಿ ನಿಂತು ಅಂದುಕೊಳ್ಳುವುದು... ಅರೆ, ಬಂದೇಬಿಟ್ಟಿತಲ್ಲ! ಆದರೆ ಆಲಮಟ್ಟಿಯಲ್ಲಿ ಹಾಗಲ್ಲ. ಅಲ್ಲಿ ಕೃಷ್ಣೆಯು ಕಟ್ಟೆಗೆ ಬೆನ್ನು ಒರಗಿಸಿ ಆಕಾಶವನ್ನು ಎದೆಯ ಮೇಲೆ ಹೊದ್ದು ಮಲಗಿರುವುದರಿಂದ, ಆ ಜಲರಾಶಿಯ ಮಗ್ಗುಲ ಉದ್ಯಾನದಲ್ಲಿ ಋತುರಾಜನು ರಾಜಾರೋಷವಾಗಿಯೇ ನೆಲೆಸಿರುತ್ತಾನೆ. ಹಸಿರು ಹುಲ್ಲಿನ ಮೇಲೆ ನೀರ ತುಂತುರು, ತುಂತುರಿನ ಮೇಲೆ ಬೆಳಕು. ಕಾಗದದ ಹೂವಿನ ಬಳ್ಳಿಗಳಲ್ಲಿ ಕೆಂಪು, ಕೇಸರಿ, ನೇರಳೆ. ಕಲ್ಲಿನಲ್ಲಿ ಕಡೆದ ಆನೆ ಜಿಂಕೆಗಳ ನಡುವೆ ನಿಜವಾದ ಗಿಳಿಗಳು. ಎರಡು ಸಾವಿರದ ಎಂಟನೆಯ ಇಸವಿಯ ಆ ಭಾನುವಾರವೂ ಉದ್ಯಾನ ಹಾಗೆಯೇ ಇತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಿಂದ ಜೀಪು, ಟೆಂಪೊಗಳಲ್ಲಿ ಬುತ್ತಿಗಂಟು ಹೊತ್ತು ಅಲ್ಲಿಗೆ ಬರುವವರೆಲ್ಲ ಹೂವು ನೋಡಲಿಕ್ಕೇ ಬರುತ್ತಾರೆಂದು ನೀವು ನಂಬಿದ್ದರೆ, ನಿಮ್ಮ ಮನಸ್ಸು ಬಲು ನಿರ್ಮಲವಾದದ್ದು! ಮನೆಗೆ ಬಂದು ಕನ್ಯಾ ನೋಡಿ ಹೋದ ಗಂಡಿನವರು ಒಲ್ಲೆವೆಂದರೆ ಓಣಿಯೆಲ್ಲ ಗುಲ್ಲಾಗುತ್ತದೆ. ಹೆಣ್ಣಿನ ಹೆಸರು ಬಾಯಿಂದ ಬಾಯಿಗೆ ಬಿದ್ದು ಸವೆಯುತ್ತದೆ. ಆದ್ದರಿಂದ ಜಾಣರು ಒಂದು ಉಪಾಯ ಕಂಡುಕೊಂಡಿದ್ದರು. ಎರಡೂ ಮನೆಯವರು ಬೇರೆ ಬೇರೆಯಾಗಿ ಉದ್ಯಾನಕ್ಕೆ ಬರಬೇಕು. ಅಕಸ್ಮಾತ್ತಾಗಿ ಎಂಬಂತೆ ಪಕ್ಕಪಕ್ಕದಲ್ಲಿ ಚಾಪೆ ಹಾಸಬೇಕು. ಇವರ ಶೇಂಗಾ ಹಿಂಡಿ ಅವರಿಗೆ, ಅವರ ಮೊಸರು ಇವರಿಗೆ... ಅಷ್ಟರೊಳಗೆ ನೋಡುವುದನ್ನು ನೋಡಿಬಿಡಬೇಕು. ಒಪ್ಪಿಗೆಯಾದರೆ ಸಂತೋಷ; ಆಗದಿದ್ದರೆ ಯಾರೂ ಯಾರನ್ನೂ ತೋರಿಸಿಲ್ಲ, ಯಾರೂ ಯಾರನ್ನೂ ನೋಡಿಲ್ಲ! ಬಾಗೇವಾಡಿಯ ಪರಪ್ಪನು ಇಂಥ ಅಕಸ್ಮಾತ್ತುಗಳನ್ನು ಏರ್ಪಡಿಸುವುದರಲ್ಲಿ ಪಳಗಿದ ಕೈ. ಅಂದೂ ಅವನೇ ಮಧ್ಯಸ್ಥನಾಗಿದ್ದ.

ನೋಡಲು ಬಂದವನು ತಾಂಬಾದ ಕಲ್ಮೇಶ. ವಯಸ್ಸು ಇಪ್ಪತ್ತೊಂಬತ್ತು, ಕಸುಬು ಲಿಂಬೆಕಾಯಿಯ ವ್ಯಾಪಾರ. ಇಂಡಿ ಸೀಮೆಯ ತೋಟಗಳಿಂದ ಬರುವ ಚೀಲಗಳನ್ನು ಆರಿಸಿ ಕೊಳ್ಳುವುದು ಅವನ ದಿನದ ಕೆಲಸ. ಚೀಲದ ಬಾಯಲ್ಲಿ ಬಂಗಾರದ ಗುಂಡಿನಂಥ ಕಾಯಿಗಳನ್ನು ಜೋಡಿಸಿ, ತಳದಲ್ಲಿ ಗೋಲಿಯಷ್ಟರವನ್ನು ತುಂಬಿ ತರುವವರನ್ನು ಕಂಡೂ ಕಂಡೂ, ಅವನು ಯಾವ ಚೀಲವನ್ನೂ ನೆಲಕ್ಕೆ ಸುರಿಯದೆ ನಂಬುತ್ತಿರಲಿಲ್ಲ. ಕಸುಬಿನ ಗುಣ ಮೆಲ್ಲಗೆ ಮನುಷ್ಯನ ಗುಣವೂ ಆಗಿಬಿಟ್ಟಿತ್ತು. ಯಾರಾದರೂ ನಕ್ಕರೆ ಏಕೆ ನಕ್ಕರೆಂದು ಯೋಚಿಸುವನು. ಯಾರಾದರೂ ಹೊಗಳಿದರೆ ಎರಡು ದಿನ ನಿದ್ದೆಗೆಡುವನು. ಇಂಥವನಿಗೆ ಮದುವೆ ಮಾಡಿಸುವುದೆಂದರೆ ತಾಯಿ ಕಸ್ತೂರೆವ್ವನಿಗೆ ಸಾಕುಸಾಕಾಗಿ ಹೋಗಿತ್ತು.

ಕಲ್ಲಿನ ಆನೆಯ ನೆರಳಿನಲ್ಲಿ ಪರಪ್ಪನು ಚಾಪೆ ಹಾಸಿಸಿದ. ಮಾರು ದೂರದಲ್ಲಿ ಇನ್ನೊಂದು ಚಾಪೆಯ ಜಾಗವನ್ನು ಕಣ್ಣಲ್ಲೇ ಅಳೆದು ಬಿಟ್ಟಿದ್ದ. "ಕಲ್ಮೇಶಪ್ಪಾ, ಗುರುತಿಲ್ಲದವರಂಗ ಕುಂದ್ರಬೇಕ ನೋಡು. ಪಿಳಿಪಿಳಿ ನೋಡಬ್ಯಾಡ," ಎಂದು ತಾಕೀತು ಮಾಡಿದ. ಕಲ್ಮೇಶನು ಹುಲ್ಲಿನ ಎಸಳೊಂದನ್ನು ಕಿತ್ತು, ಅದರಲ್ಲಿ ಏನೋ ಮಹತ್ತರವಾದದ್ದು ಬರೆದಿದೆಯೋ ಎಂಬಂತೆ ನೋಡುತ್ತ ಕುಳಿತ.

ಆಗ ಅವಳು ಬಂದಳು...

ಮುದ್ದೇಬಿಹಾಳದ ಸೀತವ್ವನ ಒಬ್ಬಳೇ ಮಗಳು ಭಾಗ್ಯಜ್ಯೋತಿ. ತಂದೆ ತೀರಿಹೋದ ಮೇಲೆ ಊರಿನ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತ ತಾಯಿಯನ್ನು ಸಾಕುತ್ತಿದ್ದಳು. ದಾಳಿಂಬೆ ಬಣ್ಣದ ಇಲಕಲ್ಲ ಸೀರೆಯನ್ನುಟ್ಟು, ಬೆಳಗಿನ ಎಳೆಬಿಸಿಲನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದಳೋ ಎಂಬಂತೆ ಆ ಕಾಲುದಾರಿಯಲ್ಲಿ ಅವಳು ನಡೆದು ಬಂದಾಗ, ತಣ್ಣೀರಿನ ತುಂತುರನ್ನು ಹಾದು ಬಂದ ಗಾಳಿಯೊಂದು ಅವಳಿಗಿಂತ ಮುಂಚೆ ಬಂದು ಕಲ್ಮೇಶನ ಮುಖವನ್ನು ಸೋಕಿತು. ಓಹ್! ಆ ನಡಿಗೆಯ ನಿರಾಡಂಬರ ಗಾಂಭೀರ್ಯ, ಆ ಶ್ಯಾಮಲ ವದನದ ಪ್ರಶಾಂತಿ, ತಗ್ಗಿಸಿದ ರೆಪ್ಪೆಗಳ ಕೆಳಗೆ ಹೊರಗೆ ಬರಲೊಲ್ಲದ ಯಾವುದೋ ಮಾತು... ಹುಲ್ಲಿನ ಎಸಳು ಅವನ ಬೆರಳಿನಿಂದ ಜಾರಿತು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅವನಿಗೆ ಸುರಿದು ನೋಡದೆ ಒಪ್ಪಿಬಿಡಬೇಕೆನಿಸಿತು.

ಹಾಗೆನಿಸಿದ್ದೇ ತಡ, ಅವನ ಎದೆಯೊಳಗಿನ ವ್ಯಾಪಾರಿ ಎಚ್ಚರಗೊಂಡ. ಇಷ್ಟು ಚಂದದ ಕನ್ಯಾ ಇಪ್ಪತ್ತಾರು ವರ್ಷ ತುಂಬುವವರೆಗೆ ಏಕೆ ಹಾಗೇ ಉಳಿಯಿತು?

"ಅಯ್ಯ, ನೀವೂ ಬುತ್ತಿ ಕಟಗೊಂಡ ಬಂದೀರೇನ್ರಿ?" ಎಂದು ಸೀತವ್ವ ಪೂರ್ವನಿಶ್ಚಿತ ಆಶ್ಚರ್ಯದಿಂದ ಕೇಳಿದಳು. ಕಸ್ತೂರೆವ್ವನೂ ಅಷ್ಟೇ ಆಶ್ಚರ್ಯಪಟ್ಟಳು. ಚಾಪೆಗಳು ಹತ್ತಿರವಾದವು, ಗಂಟುಗಳು ಬಿಚ್ಚಿಕೊಂಡವು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು, ಶೇಂಗಾ ಹೋಳಿಗೆ. "ನಮ್ಮ ಹುಡುಗಿ ಸಾಲಿ ಬಿಟ್ಟರ ಮನಿ, ಮನಿ ಬಿಟ್ಟರ ಸಾಲಿರಿ. ಈ ತ್ವಾಟಾನೂ ಇವತ್ತ ಮೊದಲ ಸಲ ನೋಡಾಕತ್ತಾಳ," ಎಂದು ಸೀತವ್ವ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ ಹೇಳಿದಳು.

ಅದನ್ನು ಹೇಳಿ ಇನ್ನೂ ತುಪ್ಪ ಆರಿರಲಿಲ್ಲ. ಕಸ್ತೂರೆವ್ವ ಬಿಸಿಲು ತಾಗಿತೆಂದು ಚಾಪೆಯ ಆಚೆ ತುದಿಗೆ ಸರಿಯಹೋದಾಗ ಭಾಗ್ಯಜ್ಯೋತಿ ಥಟ್ಟನೆ ಕೈಯೆತ್ತಿ, "ಅಲ್ಲಿ ಬ್ಯಾಡ್ರಿ ಅತ್ತಿ... ಇನ್ನೊಂದೀಟಿಗೆ ಅಲ್ಲಿ ನೀರು ಚಿಮ್ಮತಾವ," ಎಂದುಬಿಟ್ಟಳು. ಎಂದವಳೇ ತುಟಿ ಕಚ್ಚಿಕೊಂಡಳು. ಐದು ನಿಮಿಷವೂ ಆಗಿರಲಿಕ್ಕಿಲ್ಲ, ಹುಲ್ಲಿನೊಳಗೆ ಹುದುಗಿದ್ದ ಕೊಳವೆಯೊಂದು ಬುಸುಗುಟ್ಟಿ, ಅವಳು ತೋರಿಸಿದ ಜಾಗದಲ್ಲೇ ಸಾವಿರ ಮುತ್ತುಗಳನ್ನು ಎರಚಿತು.

ಹಿರಿಯರು ನಕ್ಕರು. ಕಲ್ಮೇಶ ನಗಲಿಲ್ಲ. ಇಂದೇ ಮೊದಲ ಸಲ ನೋಡುವವಳಿಗೆ, ನೆಲದೊಳಗಿನ ನೀರು ಯಾವ ಗಳಿಗೆಗೆ ಏಳುತ್ತದೆಂದು ಹೇಳಿದವರು ಯಾರು?

ಆ ಕ್ಷಣದಿಂದ ಅವನ ಪಾಲಿಗೆ ಉದ್ಯಾನದ ಬಣ್ಣವೇ ಬದಲಾಯಿತು. ಹೂವುಗಳ ಹಿಂದೆ ಯಾರೋ ನಿಂತು ಪಿಸುಗುಟ್ಟುವಂತೆ, ಪೊದೆಪೊದೆಗೂ ಒಂದೊಂದು ಗುಟ್ಟು ಗೊತ್ತಿರುವಂತೆ ಅವನಿಗೆ ಭಾಸವಾಗತೊಡಗಿತು. ಶೇಂಗಾ ಮಾರುವ ಸೈದಾಬಿ ಎಂಬ ಮುದುಕಿ ಬುಟ್ಟಿ ಹೊತ್ತು ಚಾಪೆಯ ಬಳಿಗೆ ಬಂದವಳು, ಭಾಗ್ಯಜ್ಯೋತಿಯ ಮುಖ ಕಂಡು, "ಬಂದ್ಯಾ ಬೇಟಿ?" ಎಂದು ಅರಳಿದಳು, ಮರುಗಳಿಗೆ ಪರಪ್ಪನ ಕಣ್ಸನ್ನೆಗೆ ಬಾಯಿ ಮುಚ್ಚಿಕೊಂಡು, ಒಂದು ಹಿಡಿ ಶೇಂಗಾ ಅವಳ ಮಡಿಲಿಗೆ ಹಾಕಿ ಹೊರಟೇಹೋದಳು. ಕಾಗದದ ಹೂವಿನ ಬಳ್ಳಿ ಕತ್ತರಿಸುತ್ತಿದ್ದ ಮಾಲಿ ಗೈಬುಸಾಬ ದೂರದಿಂದಲೇ ಕತ್ತರಿ ತಗ್ಗಿಸಿ ಅವಳತ್ತ ನೋಡಿದ. ಅವಳು ಯಾರಿಗೂ ಕಾಣದಷ್ಟು ಸಣ್ಣಗೆ ತಲೆಯಾಡಿಸಿದಳು. ಆದರೆ ಕಲ್ಮೇಶನಿಗೆ ಕಂಡಿತು. ಚೀಲದ ತಳ ನೋಡಿ ನೋಡಿ ಹರಿತವಾದ ಕಣ್ಣಲ್ಲವೆ!

ಊಟವಾದ ಮೇಲೆ ಪರಪ್ಪನು, "ಹುಡುಗೂರು ಕಾರಂಜಿ ನೋಡಿ ಬರವಲ್ರ್ಯಾಕ," ಎಂದ. ಇಬ್ಬರೂ ಎದ್ದರು. ನಡುವೆ ಇಬ್ಬರು ನಡೆಯುವಷ್ಟು ಅಂತರ ಬಿಟ್ಟು ಹೊಂಗೆಯ ಸಾಲಿನ ಕೆಳಗೆ ನಡೆದರು. ಹೊಂಗೆ ಆಗಷ್ಟೇ ಚಿಗುರಿತ್ತು. ಆ ಎಳೆಯೆಲೆಗಳನ್ನು ಸೋಸಿಕೊಂಡು ಇಳಿದ ಬೆಳಕು ಅವಳ ಮುಖದ ಮೇಲೆ ಹಸಿರಾಗಿ, ಹೊನ್ನಾಗಿ, ಮತ್ತೆ ಹಸಿರಾಗಿ ಆಡುತ್ತಿತ್ತು. ಎಂಥ ಮಧುರ ಯಾತನೆ! ಪಕ್ಕದಲ್ಲಿ ನಡೆಯುವವಳನ್ನು ಕಣ್ಣು ಒಪ್ಪಿಕೊಂಡಾಗಿದೆ, ಹೃದಯ ಒಪ್ಪಿಕೊಂಡಾಗಿದೆ. ಆದರೆ ಸಂಶಯವೆಂಬುದು ಚಪ್ಪಲಿಯೊಳಗೆ ಸೇರಿದ ಹರಳಿನಂತೆ ಹೆಜ್ಜೆಹೆಜ್ಜೆಗೂ ಚುಚ್ಚುತ್ತಿದೆ. ಯಾರೊಡನೆ ಬಂದಿದ್ದಳು? ಈ ಹೊಂಗೆಯ ಕೆಳಗೆ ಯಾರ ಪಕ್ಕದಲ್ಲಿ ನಡೆದಿದ್ದಳು? ಆ ತಗ್ಗಿದ ಕಣ್ಣುಗಳು ಅವನೆದುರು ಮೇಲೆದ್ದಿದ್ದವೆ?

ಕೊನೆಗೆ ತಡೆಯಲಾರದೆ ಕೇಳಿದ. "ಮೊದಲ ಯಾವಾಗರ ಇಲ್ಲಿಗೆ ಬಂದಿದ್ರೇನ್ರಿ?"

ಅವಳು ಜಲಾಶಯದ ಆಚೆ ದಡದ ಕಡೆ ನೋಡುತ್ತ, "ಇಲ್ರಿ," ಎಂದಳು.

ಸುಳ್ಳು! ಅವನ ಎದೆಯಲ್ಲಿ ಏನೋ ಮುರಿಯಿತು. ಕಾರಂಜಿಯನ್ನು ಅವನು ನೋಡಲೇ ಇಲ್ಲ. ಚಾಪೆಗೆ ಮರಳಿದ ಮೇಲೆ ನೀರು ಕುಡಿದು ಬರುವೆನೆಂಬ ನೆಪ ಹೇಳಿ ಎದ್ದು, ಬಳ್ಳಿಯ ಮರೆಯಲ್ಲಿ ಕೆಲಸ ಮಾಡುತ್ತಿದ್ದ ಗೈಬುಸಾಬನ ಬಳಿಗೆ ಹೋದ.

"ಆ ದಾಳಿಂಬ್ರಿ ಸೀರಿಯವರನ್ನ ನೀವು ಬಲ್ಲಿರೇನ್ರಿ?"

ಗೈಬುಸಾಬ ಕತ್ತರಿಯನ್ನು ಅಂಗಿಯ ತುದಿಗೆ ಒರೆಸಿದ. "ಯಾಕ್ರಿ ಸಾಹೇಬ್ರ? ಛಲೋ ಹುಡುಗಿ ಅದು."

"ಈಕಿ ಇಲ್ಲಿಗೆ ಬಂದಾಳ. ಹೌದಲ್ರಿ? ಯಾರ ಜೋಡಿ ಬರ್ತಾಳ, ಖರೇ ಹೇಳ್ರಿ."

ಮಾಲಿ ಸುತ್ತ ನೋಡಿದ. ಹೇಳಲೋ ಬೇಡವೋ ಎಂದು ಒಂದು ಗಳಿಗೆ ತೂಗಿದ. "ವರ್ಷಕ್ಕೊಬ್ಬರ ಜೋಡಿ ಬಂದಾಳ್ರಿ," ಎಂದ.

ಕಲ್ಮೇಶನ ಕಾಲ ಕೆಳಗಿನ ನೆಲ ತಣ್ಣಗಾಯಿತು. ಬಳ್ಳಿಯ ಕೆಂಪೆಲ್ಲ ಕಣ್ಣಿಗೆ ನುಗ್ಗಿದಂತಾಯಿತು. ಗೈಬುಸಾಬ ಮಾತ್ರ ಅವನ ಮುಖ ನೋಡದೆ, ಬಾಡಿದ ರೆಂಬೆಯೊಂದನ್ನು ಕತ್ತರಿಸುತ್ತ, ತನ್ನ ಪಾಡಿಗೆ ತಾನು ಹೇಳುತ್ತಿದ್ದ. "ನಿಮ್ಮಂಗನ ಬರ್ತಾರ್ರಿ. ಇದ ಆನಿ ನೆಳ್ಳಾಗ ಚಾಪಿ ಹಾಸ್ತಾರ. ಹುಡುಗಿ ತಲಿ ತಗ್ಗಿಸಿ ಕುಂದರತೈತಿ. ಉಂಡು, ನೋಡಿ ಹೋಗ್ತಾರ. ಮುಂದಿನ ವರ್ಷ ಹೂವು ಬಿಡೂ ಹೊತ್ತಿಗೆ ತಾಯಿ-ಮಗಳು ಮತ್ತ ಬರ್ತಾರ, ಬ್ಯಾರೆ ಮಂದಿ ಬರ್ತಾರ. ಮೂರು ವರ್ಷಾತ್ರಿ. ನೀವು ನಾಕನೇದವರು."

ನಾಚಿಕೆಯೆಂಬುದು ಕಲ್ಮೇಶನ ಕಾಲಿನಿಂದ ಏರಿ ಕಿವಿಯವರೆಗೆ ಬಂತು. ಹೊರಳಿ ನೋಡಿದರೆ, ಹತ್ತು ಹೆಜ್ಜೆಯಾಚೆ ಭಾಗ್ಯಜ್ಯೋತಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅವನಿಗೆ ನೀರಡಿಸಿದೆಯೆಂದು ನಂಬಿ, ತಾನೇ ತುಂಬಿಕೊಂಡು ಬಂದಿದ್ದಳು.

"ಕೇಳಿ ತಿಳಕೊಂಡ್ರಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ನಿಮ್ಮನ್ನೂ ಕೇಳಿದ್ದೆ. ನೀವು ಇಲ್ಲ ಅಂದ್ರಿ."

"ಅವ್ವ ಮೊದಲ ಇಲ್ಲ ಅಂದಾಗಿತ್ತು. ಆಕಿನ್ನ ನಿಮ್ಮ ಮುಂದ ಸುಳ್ಳಾಕಿನ್ನ ಮಾಡಬೇಕಿತ್ತೇನ್ರಿ?" ಅವಳು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು. "ಒಬ್ಬರಿಗೆ ನನ್ನ ಬಣ್ಣ ಸೇರಲಿಲ್ಲ. ಒಬ್ಬರಿಗೆ ಎತ್ತರ ಹೆಚ್ಚಾತು. ಒಬ್ಬರು ಏನಂತನೂ ಹೇಳಲಿಲ್ಲ. ಆದ್ರ ಅವ್ವ ಹೇಳಿದ್ದು ಪೂರಾ ಸುಳ್ಳೂ ಅಲ್ರಿ. ಈ ತ್ವಾಟದಾಗ ನಾ ಒಂದು ಹೂವು ನೋಡಿಲ್ಲ. ನೋಡಿಸಿಕೊಳ್ಳಾಕ ಬಂದಾಕಿ ಏನು ನೋಡ್ಯಾಳು? ತಲಿ ತಗ್ಗಿಸಿ ಕುಂತಾಕಿಗೆ ಗೊತ್ತಾಗೂದು ಹುಲ್ಲು, ಇರವಿ, ನೀರು ಎಷ್ಟೊತ್ತಿಗೆ ಚಿಮ್ಮತೈತಿ ಅನ್ನೂದು... ಅಷ್ಟ."

ಗೈಬುಸಾಬ ಕತ್ತರಿ ಎತ್ತಿಕೊಂಡು ಬೇರೆ ಬಳ್ಳಿಯ ಕಡೆಗೆ ಸರಿದುಹೋದ. ಗಾಳಿ ನಿಂತಿತ್ತು. ಕಲ್ಮೇಶನಿಗೆ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳುವ ಬುದ್ಧಿಯೂ ಅವನಿಗೆ ಹೊಳೆಯಲಿಲ್ಲ.

"ನನಗ ಒಪ್ಪಿಗಿ ಐತ್ರಿ," ಎಂದ. "ಈಗ ಅಂತಲ್ಲ... ನೀವು ಆ ಹಾದ್ಯಾಗ ನಡಕೊಂತ ಬಂದಾಗನ ಆಗಿತ್ತು. ಆಮ್ಯಾಲ ನನ್ನ ಬುದ್ಧಿ ನನ್ನ ಕೈ ಬಿಡ್ತು."

ಆಗ ಅವಳು ತಲೆಯೆತ್ತಿದಳು. ಆ ಕಣ್ಣುಗಳು! ಅವು ಎಷ್ಟು ವಿಶಾಲವಾಗಿದ್ದವು, ಎಷ್ಟು ದಣಿದಿದ್ದವು... ಅಡಿಯಿಂದ ಮುಡಿಯವರೆಗೆ ಅವನನ್ನು ನಿಧಾನವಾಗಿ ಒಂದು ಬಾರಿ ನೋಡಿ, "ನಾ ಊರಿಗೆ ಹೋಗಿ ತಿಳಿಸ್ತೇನ್ರಿ," ಎಂದು ಹೇಳಿ ಹೊರಳಿದಳು.

ಓದುಗರೇ, ಊರಿಗೆ ಹೋಗಿ ತಿಳಿಸುವುದು ಗಂಡಿನವರ ಮಾತು. ತಲೆತಲಾಂತರದಿಂದ ಅವರದೇ ಸೊತ್ತು. ಆ ಮಾತನ್ನು ಕೇಳಿಸಿಕೊಂಡ ಹೆಣ್ಣಿನ ಮನೆಯಲ್ಲಿ ಅಂಚೆಯವನ ಸೈಕಲ್ಲಿನ ಗಂಟೆಗೂ, ಪಕ್ಕದ ಮನೆಯ ಫೋನಿಗೂ ಕಿವಿಗೊಟ್ಟು ದಿನಗಳು ಸರಿಯುತ್ತವೆ. ಆ ದಿನಗಳ ರುಚಿ ಗಂಡಸಿನ ನಾಲಗೆಗೆ ಹತ್ತಿದ್ದು ನಾನಂತೂ ಕೇಳಿಲ್ಲ. ಕಲ್ಮೇಶನಿಗೆ ಹತ್ತಿತು. ಯುಗಾದಿ ಬಂತು, ಬೇವು ಗಂಟಲಿಗಿಳಿಯಿತು, ಬೆಲ್ಲ ಇಳಿಯಲಿಲ್ಲ. ಬೇಸಿಗೆಯ ಲಿಂಬೆಯ ಸುಗ್ಗಿ. ಚೀಲದ ಮೇಲೆ ಚೀಲ ಬಂದು ಬೀಳುತ್ತಿದ್ದರೂ ಅವನು ಸುರಿಯುವುದನ್ನು ಮರೆತು, ಬಾಯಲ್ಲಿ ಕಂಡದ್ದನ್ನೇ ಒಪ್ಪಿ ಕಳಿಸಿದ. ಎದೆಯೊಳಗಿನ ಸಂಶಯ ಮಾತ್ರ ಸತ್ತಿರಲಿಲ್ಲ. ಅದು ದಿಕ್ಕು ಬದಲಿಸಿ ಅವನನ್ನೇ ಹಿಡಿದು ನಿಲ್ಲಿಸಿತ್ತು. ನನ್ನಲ್ಲಿ ಏನು ಕಂಡಾಳು? ಮರೆಯಲ್ಲಿ ನಿಂತು ಕೇಳುವವನ ಜೊತೆಗೆ ಯಾರು ಬಾಳುವೆ ಮಾಡಿಯಾರು? ಇದ್ದಕ್ಕಿದ್ದಂತೆ ತನ್ನ ಮೂಗು ದಪ್ಪವೆಂದೂ ಅವನಿಗೆ ಅನಿಸತೊಡಗಿತು. ಪರಪ್ಪನಿಗೆ ಫೋನು ಹಚ್ಚಿ, "ಮೂರು ಸಲ ತೋರಿಸಿದ್ದು ನನಗ್ಯಾಕ ಹೇಳಲಿಲ್ಲ?" ಎಂದು ಸಿಡುಕಿದರೆ, "ಅದನ್ನ ಹೇಳಿ ಯಾರು ಲಗ್ನ ಮಾಡಿಸ್ಯಾರೋ ತಮ್ಮಾ!" ಎಂದು ಅವನು ನಿಶ್ಚಿಂತೆಯಿಂದ ನಕ್ಕುಬಿಟ್ಟ.

ಹನ್ನೊಂದನೆಯ ದಿನ ಪರಪ್ಪನ ಫೋನು ಬಂತು. ಈ ಬಾರಿ ಅವನ ದನಿಯಲ್ಲಿ ನಗುವಿರಲಿಲ್ಲ. "ಹುಡುಗಿ ಏನೋ ಹೊಸಾದು ತಗದೈತಪ್ಪ. ಹೌದೂ ಅನ್ನವಲ್ಲದು, ಅಲ್ಲೂ ಅನ್ನವಲ್ಲದು. ತ್ವಾಟಕ್ಕ ಇನ್ನ ಬರೂದಿಲ್ಲಂತ. ಮನಸಿದ್ದರ ಮನಿಗೆ ಬರ್ಲಿ, ಹಾಡಾಹಗಲ, ಓಣಿ ಮಂದಿಯೆಲ್ಲ ನೋಡೂವಂಗ ನಡಕೊಂತ ಬರ್ಲಿ. ಬಂದ ಮ್ಯಾಲ ಹೇಳ್ತೇನಿ ಅಂತಾಳ."

ಕಸ್ತೂರೆವ್ವ ಕೇಳಿ ಕೆನ್ನೆಗೆ ಕೈ ಹಚ್ಚಿದಳು. "ಎಲ್ಲಾರ ಮುಂದ ಹೋಗಿ ನಿಂತಾಗ ಆಕಿ ಒಲ್ಲೆ ಅಂದ್ರ ಏನ್ ಗತಿಯೋ? ಊರ ತುಂಬ ನಗಿಪಾಟಲ. ಮುಂದ ನಿನಗ ಕನ್ಯಾ ಯಾರು ಕೊಟ್ಟಾರು?"

"ಆಕಿಗೆ ಮೂರು ಸಲ ಹಂಗ ಆಗೇತವ್ವಾ," ಎಂದ ಕಲ್ಮೇಶ. "ನನಗ ಒಂದ ಸಲ ಆಗಲೇಳು."

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ತಾಯಿ-ಮಗ ಇಳಿದಾಗ ಹೊತ್ತು ನೆತ್ತಿಗೇರಿತ್ತು. ಅವನು ಬಿಳಿಯ ಅಂಗಿ ತೊಟ್ಟು, ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದರಲ್ಲಿ ಮಲ್ಲಿಗೆಯ ಪೊಟ್ಟಣ ಹಿಡಿದು, ಆಟೋ ಬೇಡವೆಂದು ನಡೆದೇ ಹೊರಟ. ಬೆವರು ಬೆನ್ನಿಗೆ ಅಂಗಿಯನ್ನು ಅಂಟಿಸಿತು. ಓಣಿಯ ತಿರುವಿನಲ್ಲಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಹೆಂಗಸರ ಮಾತು ನಿಂತಿತು. ಕಟ್ಟೆಯ ಮೇಲೆ ಕುಳಿತಿದ್ದ ಬೀರಣ್ಣ ಎಂಬ ಹಿರಿಯ ಕಣ್ಣಿಗೆ ಕೈ ಅಡ್ಡ ಹಿಡಿದು, "ಯಾರ ಮನಿಗೆ ಹೊಂಟೀರಿ ತಮ್ಮಾ?" ಎಂದು ಕೂಗಿದ.

ಮೊದಲಿನ ಕಲ್ಮೇಶನಾಗಿದ್ದರೆ, ಇವನೇಕೆ ಕೇಳುತ್ತಾನೆಂದು ಮೂರು ಸಲ ಯೋಚಿಸುತ್ತಿದ್ದ. "ಸೀತವ್ವಾರ ಮನಿಗ್ರಿ," ಎಂದ ಗಟ್ಟಿಯಾಗಿ. "ಅವರ ಮಗಳನ್ನ ಕೇಳಾಕ ಬಂದೇನ್ರಿ."

"ಹೌದಾ! ಮಾತು ಗಟ್ಟಿ ಆಗೇತೇನು?"

"ಇಲ್ರಿ. ನಾ ಒಪ್ಪೇನಿ. ಅವರು ಇನ್ನೂ ಒಪ್ಪಿಲ್ಲ."

ನಲ್ಲಿಯ ಮುಂದೆ ಯಾರೋ ಕಿಸಕ್ಕನೆ ನಕ್ಕರು. ಕೊಡವೊಂದು ತುಂಬಿ ಹರಿದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ. ಬಾಗಿಲುಗಳು ಒಂದೊಂದಾಗಿ ತೆರೆದವು. ಆ ಇಪ್ಪತ್ತು ಮನೆಗಳ ಓಣಿಯಲ್ಲಿ, ಇಪ್ಪತ್ತು ಮನೆಗಳ ಕಣ್ಣುಗಳ ಕೆಳಗೆ, ತಲೆ ತಗ್ಗಿಸದೆ ನಡೆಯುವುದೆಂದರೆ ಎಷ್ಟು ದೂರವೆಂದು ಅವನಿಗೆ ಅಂದು ತಿಳಿಯಿತು.

ಭಾಗ್ಯಜ್ಯೋತಿ ಹೊಸ್ತಿಲ ಮೇಲೆ ನಿಂತಿದ್ದಳು. ಸಾದಾ ಹತ್ತಿಯ ಸೀರೆ, ಬೆರಳಿಗೆ ಅಂಟಿದ ಸೀಮೆಸುಣ್ಣದ ಬಿಳುಪು. ಅವನು ಅಂಗಳದಲ್ಲಿ, ಬಿಸಿಲಿನಲ್ಲಿ, ನಿಂತ. ಕೇಳಬೇಕಾದದ್ದನ್ನು ಓಣಿಗೆಲ್ಲ ಕೇಳುವಂತೆ ಆಗಲೇ ಕೇಳಿಯಾಗಿತ್ತು. ಅವಳು ಅವನ ಧೂಳು ಮುಚ್ಚಿದ ಚಪ್ಪಲಿ ನೋಡಿದಳು, ಬೆವೆತ ಹಣೆ ನೋಡಿದಳು, ಹಿಂದೆ ಬಂದು ಸೇರಿದ್ದ ಮಂದಿಯನ್ನು ನೋಡಿದಳು. ಅವಳ ತುಟಿಯಂಚಿನಲ್ಲಿ ಏನೋ ಮೆಲ್ಲನೆ ಬಿರಿಯಿತು... ನಗುವೋ, ಅಳುವೋ, ಅವೆರಡೂ ಒಂದೇ ಆಗುವ ಆ ಅಪೂರ್ವ ಗಳಿಗೆಯೋ!

ಅವಳು ಒಳಗೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೂಗಿದಳು. "ಅವ್ವಾ, ಸಕ್ಕರಿ ಡಬ್ಬಿ ತಗೊಂಡು ಬಾ. ಓಣಿ ಮಂದಿಗೆಲ್ಲ ಹಂಚೂದೈತಿ."

ಸಂಬಂಧ ಗಟ್ಟಿಯಾದ ಮನೆಯಲ್ಲಷ್ಟೇ ಹಂಚುವ ಸಕ್ಕರೆ ಅದು. ಕಸ್ತೂರೆವ್ವ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀರಣ್ಣ ಮೊದಲಿಗನಾಗಿ ಕೈಯೊಡ್ಡಿದ.

ಮನುಷ್ಯನ ಮನಸ್ಸು ಎಷ್ಟು ಅಂಜುಕುಳಿ, ಸಹೃದಯರೇ! ಮೋಸಹೋಗುವ ಭಯಕ್ಕೆ ಅದು ಪ್ರಿಯವಾದದ್ದನ್ನೇ ಮೊದಲು ಶಂಕಿಸುತ್ತದೆ. ತಿರಸ್ಕಾರದ ಭಯಕ್ಕೆ ತನ್ನ ಆಸೆಯನ್ನು ನೂರು ನೆಪಗಳಲ್ಲಿ ಸುತ್ತಿಡುತ್ತದೆ. ಎಲ್ಲವನ್ನೂ ತಿಳಿದುಕೊಂಡ ಮೇಲೆ ನಂಬುವೆನೆಂದು ಕಾಯುತ್ತ ಕುಳಿತವರ ವಸಂತಗಳು ಹೂಬಿಟ್ಟು ಉದುರಿಹೋಗುತ್ತವೆ. ನನಗೆ ನೀನು ಬೇಕು, ನೀನು ಬೇಡವೆನ್ನಬಹುದು ಎಂದು ನಡುಬಿಸಿಲಿನಲ್ಲಿ ನಿಂತು ಹೇಳಬಲ್ಲ ಹೃದಯವನ್ನೇ ಪ್ರೀತಿಯು ಕೊನೆಗೊಮ್ಮೆ ಕಣ್ಣೆತ್ತಿ ನೋಡುತ್ತದೆ.